ಸಹವೇಲೆನ್ಸೀಯ ಬಂಧ: ಮಣ್ಣು ಮತ್ತು ನೀರಿನ ಪರೀಕ್ಷಾ ವರದಿಯನ್ನು ಅರಿಯಲು ಬೇಕಾದ ಪ್ರಾಥಮಿಕ ಮಾಹಿತಿ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ರೈತರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ತೀರದ ಈ ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ಬೆಳೆಯಾಗಿದೆ. ನದಿತೀರದ ಕಪ್ಪು ಭೂಮಿಗೆ ಅತಿಯಾಗಿ ನೀರು ಹಾಯಿಸಿದ ಹಾಗೂ ಬಸಿಗಾಲುವೆ ಇಲ್ಲದ ಕಡೆಗಳಲ್ಲಿ ಸವಳು-ಜವಳಿನ ಸಮಸ್ಯೆಯೂ ಕಂಡುಬಂದಿದೆ. ಈ ಕಾರಣದಿಂದ ಮಣ್ಣು ಮತ್ತು ಬಾವಿ ನೀರಿನ ಪರೀಕ್ಷೆ ಇಲ್ಲಿನ ರೈತರಿಗೆ ಅತ್ಯಗತ್ಯವಾಗಿದೆ.

ಪರೀಕ್ಷಾ ವರದಿಯಲ್ಲಿ "ವಿದ್ಯುತ್ ವಾಹಕತೆ", "ರಸಸಾರ", "ನೈಟ್ರೇಟ್" ಮುಂತಾದ ಅಂಶಗಳನ್ನು ನಮೂದಿಸಲಾಗಿರುತ್ತದೆ. ಉಪಕರಣವು ಯಾವ ವಸ್ತುವನ್ನು ಗುರುತಿಸುತ್ತದೆ, ಯಾವುದನ್ನು ಗುರುತಿಸುವುದಿಲ್ಲ ಎಂಬುದು ಆ ವಸ್ತುವಿನ ಪರಮಾಣುಗಳು ಹೇಗೆ ಬಂಧಿತವಾಗಿವೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಈ ವಿಷಯದ ಮೂಲಾಂಶಗಳನ್ನು ಕೆಳಗೆ ವಿವರಿಸಲಾಗಿದೆ.

2. ಪರಮಾಣುಗಳು ಕೂಡುವುದೇಕೆ?

ಪ್ರತಿ ಪರಮಾಣುವಿನ ನಡುವೆ ಧನಾವೇಶದ ಬೀಜಕೇಂದ್ರವೂ ಅದರ ಸುತ್ತ ಕವಚಗಳಲ್ಲಿ ಋಣಾವೇಶದ ಎಲೆಕ್ಟ್ರಾನುಗಳೂ ಇರುತ್ತವೆ. ಬಂಧ ಏರ್ಪಡುವಲ್ಲಿ ಹೊರಕವಚದ ಎಲೆಕ್ಟ್ರಾನುಗಳು ಮುಖ್ಯ ಪಾತ್ರ ವಹಿಸುತ್ತವೆ. ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳಿದ್ದರೆ ಸಾಮಾನ್ಯವಾಗಿ ಪರಮಾಣು ಸ್ಥಿರವಾಗಿರುತ್ತದೆ. ಜಲಜನಕಕ್ಕೆ ಎರಡೇ ಸಾಕು. ಈ ಸ್ಥಿರತೆಯನ್ನು ಪಡೆಯಲು ಎರಡು ಪ್ರಮುಖ ಮಾರ್ಗಗಳಿವೆ.

(ಅ) ಅಯಾನಿಕ ಬಂಧ: ಒಂದು ಪರಮಾಣು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಇನ್ನೊಂದು ಅದನ್ನು ಪಡೆಯುತ್ತದೆ. ಅಡಿಗೆ ಉಪ್ಪಿನಲ್ಲಿ ಸೋಡಿಯಂ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಟ್ಟಿರುತ್ತದೆ. ಹೀಗೆ ವಿದ್ಯುದಾವೇಶ ಪಡೆದ ಕಣಗಳಿಗೆ ಅಯಾನುಗಳು ಎಂದು ಹೆಸರು.

(ಆ) ಸಹವೇಲೆನ್ಸೀಯ ಬಂಧ: ಇಲ್ಲಿ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ. ಹಂಚಿಕೊಂಡ ಜೊತೆಯು ಎರಡೂ ಬೀಜಕೇಂದ್ರಗಳ ಆಕರ್ಷಣೆಗೆ ಒಳಗಾಗಿ ಅವುಗಳನ್ನು ಹತ್ತಿರ ಹಿಡಿದಿಡುತ್ತದೆ. ಅಮೆರಿಕದ ವಿಜ್ಞಾನಿ ಗಿಲ್ಬರ್ಟ್ ನ್ಯೂಟನ್ ಲೂಯಿಸ್ ಅವರು 1916ರಲ್ಲಿ ಈ ವಿಚಾರವನ್ನು ಮಂಡಿಸಿದರು. 1919ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರು ಇದಕ್ಕೆ ಇಂದಿನ ಹೆಸರನ್ನು ಬಳಕೆಗೆ ತಂದರು.

3. ಕೆಲವು ಉದಾಹರಣೆಗಳು

ನೀರು: ಆಮ್ಲಜನಕದ ಹೊರಕವಚದಲ್ಲಿ ಆರು ಎಲೆಕ್ಟ್ರಾನುಗಳಿದ್ದು, ಎರಡರ ಕೊರತೆ ಇದೆ. ಅದು ಎರಡು ಜಲಜನಕ ಪರಮಾಣುಗಳೊಡನೆ ತಲಾ ಒಂದು ಜೊತೆಯನ್ನು ಹಂಚಿಕೊಂಡಾಗ ನೀರಿನ ಅಣು ಉಂಟಾಗುತ್ತದೆ.

ಗೋಬರ್ ಗ್ಯಾಸ್: ಇದರಲ್ಲಿ ಉರಿಯುವ ಅನಿಲ ಮೀಥೇನ್. ಇಂಗಾಲದ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳಿರುವುದರಿಂದ ಅದು ನಾಲ್ಕು ಜಲಜನಕ ಪರಮಾಣುಗಳೊಡನೆ ನಾಲ್ಕು ಬಂಧಗಳನ್ನು ಏರ್ಪಡಿಸಿಕೊಳ್ಳುತ್ತದೆ.

ಗಾಳಿ: ಆಮ್ಲಜನಕದ ಎರಡು ಪರಮಾಣುಗಳ ನಡುವೆ ಎರಡು ಜೊತೆಗಳ ದ್ವಿಬಂಧವಿದೆ. ಸಾರಜನಕದ ಎರಡು ಪರಮಾಣುಗಳ ನಡುವೆ ಮೂರು ಜೊತೆಗಳ ತ್ರಿಬಂಧವಿದೆ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಈ ತ್ರಿಬಂಧವು ಬಹಳ ಬಲವಾಗಿರುವುದರಿಂದ ಬೆಳೆಗಳು ಅದನ್ನು ನೇರವಾಗಿ ಬಳಸಿಕೊಳ್ಳಲಾರವು. ಕಾರ್ಖಾನೆಗಳಲ್ಲಿ ಕಬ್ಬಿಣದ ವೇಗವರ್ಧಕದ ಮೇಲೆ, ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಅಧಿಕ ಒತ್ತಡದಲ್ಲಿ ಅಮೋನಿಯಾ ತಯಾರಿಸಿ, ಅದರಿಂದ ಯೂರಿಯಾ ಮಾಡಲಾಗುತ್ತದೆ. ಇದೇ ಬಂಧವನ್ನು ಸೋಯಾ ಅವರೆ, ಶೇಂಗಾ ಮುಂತಾದ ಬೆಳೆಗಳ ಬೇರುಗಂಟಿನಲ್ಲಿರುವ ರೈಜೋಬಿಯಂ ಸೂಕ್ಷ್ಮಾಣುಗಳು ಹೊಲದ ಸಹಜ ಉಷ್ಣತೆಯಲ್ಲಿಯೇ ಬಿಡಿಸುತ್ತವೆ. ಕಬ್ಬಿನ ಸಾಲುಗಳ ನಡುವೆ ದ್ವಿದಳ ಬೆಳೆ ಬೆಳೆಯಲು ಸಲಹೆ ನೀಡುವುದಕ್ಕೆ ಇದೂ ಒಂದು ಕಾರಣವಾಗಿದೆ.

4. ಸಕ್ಕರೆ ಮತ್ತು ಉಪ್ಪು

ಸಕ್ಕರೆ, ಉಪ್ಪು ಎರಡೂ ಬಿಳಿಯ ಹರಳುಗಳು. ಎರಡೂ ನೀರಿನಲ್ಲಿ ಕರಗುತ್ತವೆ. ಆದರೆ ಉಪ್ಪು ಕರಗಿದಾಗ ಅದರ ಅಯಾನುಗಳು ಬೇರೆ ಬೇರೆಯಾಗಿ ಚಲಿಸಿ ವಿದ್ಯುತ್ತನ್ನು ಸಾಗಿಸುತ್ತವೆ. ಸಕ್ಕರೆಯ ಒಂದು ಅಣುವಿನಲ್ಲಿ 45 ಪರಮಾಣುಗಳು ಸಹವೇಲೆನ್ಸೀಯ ಬಂಧಗಳಿಂದ ಕೂಡಿದ್ದು, ಕರಗಿದಾಗಲೂ ಅಣು ಇಡಿಯಾಗಿಯೇ ಉಳಿಯುತ್ತದೆ. ಅದರಲ್ಲಿ ಆವೇಶವಿಲ್ಲದ ಕಾರಣ ಸಕ್ಕರೆ ನೀರು ವಿದ್ಯುತ್ತನ್ನು ಸಾಗಿಸುವುದಿಲ್ಲ.

ಸಕ್ಕರೆಯ ಅಣುವಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಭಾಗಗಳು ಒಂದು ಆಮ್ಲಜನಕದ ಮೂಲಕ ಸೇರಿರುತ್ತವೆ. ಕಟಾವಾದ ಕಬ್ಬು ಬಿಸಿಲಿನಲ್ಲಿ ಉಳಿದರೆ ಕಬ್ಬಿನಲ್ಲಿರುವ ಕಿಣ್ವಗಳು ಆ ಕೊಂಡಿಯನ್ನು ಬಿಡಿಸುತ್ತವೆ. ಬಿಡಿಯಾದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಕ್ಕರೆಯ ಹರಳಾಗಿ ಮತ್ತೆ ಕೂಡುವುದಿಲ್ಲ. 1939ರಲ್ಲಿ ಸ್ಥಾಪನೆಯಾದ ಉಗಾರ ಖುರ್ದದ ಕಾರ್ಖಾನೆಯೂ ಸೇರಿದಂತೆ ಯಾವುದೇ ಸಕ್ಕರೆ ಕಾರ್ಖಾನೆಗೆ ಅಥವಾ ಬೆಲ್ಲದ ಗಾಣಕ್ಕೆ ಕಬ್ಬನ್ನು ತಡಮಾಡದೆ ಸಾಗಿಸಬೇಕೆಂಬುದರ ಹಿಂದಿನ ಕಾರಣ ಇದೇ ಆಗಿದೆ.

5. ವಿದ್ಯುತ್ ವಾಹಕತೆ ಏನನ್ನು ತಿಳಿಸುತ್ತದೆ?

ವಿದ್ಯುತ್ ವಾಹಕತೆಯ ಮಾಪಕವು ಕರಗಿರುವ ಅಯಾನುಗಳನ್ನು ಮಾತ್ರ ಗುರುತಿಸುತ್ತದೆ. ಮನೆಗಳಲ್ಲಿ ಬಳಸುವ ಟಿ.ಡಿ.ಎಸ್. ಮಾಪಕವೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಆದ್ದರಿಂದ ಈ ಅಂಶಗಳನ್ನು ಗಮನಿಸಬೇಕು:

* ಸವಳು ಭೂಮಿಯ ಲವಣಗಳು ಅಯಾನಿಕವಾಗಿದ್ದು, ಮಾಪಕದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮಣ್ಣಿನ ಸಂತೃಪ್ತ ದ್ರಾವಣದ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಹೆಚ್ಚಿದ್ದರೆ ಅದನ್ನು ಸವಳು ಮಣ್ಣು ಎನ್ನಲಾಗುತ್ತದೆ.
* ಅನೇಕ ಕೀಟನಾಶಕಗಳು ಆವೇಶವಿಲ್ಲದ ಸಹವೇಲೆನ್ಸೀಯ ಅಣುಗಳಾಗಿವೆ. ಇವು ಮಾಪಕಕ್ಕೆ ಕಾಣುವುದಿಲ್ಲ. ರೋಗಾಣುಗಳೂ ಕಾಣುವುದಿಲ್ಲ. ಮಾಪಕದ ಅಂಕಿ ಕಡಿಮೆ ಇದೆ ಎಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದು ತಿಳಿಯತಕ್ಕದ್ದಲ್ಲ.

6. ಯೂರಿಯಾದಿಂದ ಬಾವಿಯ ನೀರಿನವರೆಗೆ

ಯೂರಿಯಾ ಸಹವೇಲೆನ್ಸೀಯ ವಸ್ತು, ಇದರಲ್ಲಿ ಶೇ. 46ರಷ್ಟು ಸಾರಜನಕವಿದೆ. ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಯೂರಿಯೇಸ್ ಎಂಬ ಕಿಣ್ವವು ಇದನ್ನು ಒಡೆಯುತ್ತದೆ. ಗೊಬ್ಬರವನ್ನು ಮೇಲೆಯೇ ಚೆಲ್ಲಿ ಬಿಟ್ಟರೆ, ಅದರಲ್ಲಿಯೂ ಕ್ಷಾರ ಮಣ್ಣಿನಲ್ಲಿ, ಸಾರಜನಕದ ಒಂದು ಭಾಗ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಉಳಿದದ್ದು ಅಮೋನಿಯಂ ಆಗಿ, ಅನಂತರ ಸೂಕ್ಷ್ಮಾಣುಗಳಿಂದ ನೈಟ್ರೇಟ್ ಆಗಿ ಮಾರ್ಪಡುತ್ತದೆ.

ನೈಟ್ರೇಟ್‌ನ ರಚನೆ ವಿಶಿಷ್ಟವಾದುದು. ಅದರೊಳಗೆ ಒಂದು ಸಾರಜನಕ ಮತ್ತು ಮೂರು ಆಮ್ಲಜನಕ ಪರಮಾಣುಗಳು ಸಹವೇಲೆನ್ಸೀಯ ಬಂಧಗಳಿಂದ ಕೂಡಿವೆ. ಇಡೀ ಗುಂಪಿನ ಮೇಲೆ ಒಂದು ಋಣಾವೇಶವಿದೆ. ಕಪ್ಪು ಮಣ್ಣಿನ ಜೇಡಿ ಕಣಗಳೂ ಋಣಾವೇಶವುಳ್ಳವು. ಹೀಗಾಗಿ ಮಣ್ಣು ಧನಾವೇಶದ ಅಮೋನಿಯಂ ಅನ್ನು ಹಿಡಿದಿಡುತ್ತದೆ, ನೈಟ್ರೇಟ್ ಅನ್ನು ಹಿಡಿದಿಡಲಾರದು. ಹೆಚ್ಚಿನ ನೀರಿನೊಂದಿಗೆ ಅದು ಬಾವಿ ಮತ್ತು ಕೊಳವೆಬಾವಿಗಳನ್ನು ಸೇರುತ್ತದೆ.

ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಮಿತಿ ಮೀರಿದ ನೀರನ್ನು ಆರು ತಿಂಗಳೊಳಗಿನ ಶಿಶುಗಳಿಗೆ ಕುಡಿಸಿದರೆ ಅಥವಾ ಅದರಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ, ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಅಪಾಯವಿದೆ. ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಟಿ.ಡಿ.ಎಸ್. ಮಾಪಕವು ನೈಟ್ರೇಟ್ ಅನ್ನು ಇತರ ಲವಣಗಳೊಡನೆ ಸೇರಿಸಿ ತೋರಿಸುವುದರಿಂದ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಅವಶ್ಯಕ.

7. ಅರ್ಜಿದಾರರಿಗೆ ಸೂಚನೆಗಳು

(1) ಮಣ್ಣಿನ ಮಾದರಿ: ಹೊಲದ ಹಲವು ಕಡೆಗಳಲ್ಲಿ ಸುಮಾರು 15 ಸೆಂ.ಮೀ. ಆಳದ ಇಂಗ್ಲಿಷ್ "ವಿ" ಆಕಾರದ ಗುಂಡಿ ತೆಗೆದು, ಅದರ ಬದಿಯ ಮಣ್ಣನ್ನು ಸಂಗ್ರಹಿಸಬೇಕು. ಬದು, ತಿಪ್ಪೆ, ಮರದ ನೆರಳು ಹಾಗೂ ಇತ್ತೀಚೆಗೆ ಗೊಬ್ಬರ ಹಾಕಿದ ಜಾಗಗಳನ್ನು ಬಿಡಬೇಕು. ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಮಿಶ್ರಮಾಡಿ ಅರ್ಧ ಕಿಲೋ ಮಾದರಿಯನ್ನು ಸ್ವಚ್ಛ ಬಟ್ಟೆಯ ಚೀಲದಲ್ಲಿ ನೀಡಬೇಕು. ಗೊಬ್ಬರದ ಖಾಲಿ ಚೀಲವನ್ನು ಬಳಸಬಾರದು.

(2) ವಿವರಗಳು: ಹೆಸರು, ಗ್ರಾಮ, ಸರ್ವೆ ನಂಬರ್, ಹಿಂದಿನ ಬೆಳೆ ಮತ್ತು ಮುಂದಿನ ಬೆಳೆಯನ್ನು ನಮೂದಿಸಿ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಸಲ್ಲಿಸಬೇಕು. ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಫಲಿತಾಂಶ ನೀಡಲಾಗುತ್ತದೆ. ಹಿಂದೆ ಚಿಕ್ಕೋಡಿ ಮತ್ತು ಅಥಣಿ ತಾಲ್ಲೂಕುಗಳಲ್ಲಿದ್ದು ಈಗ ನಿಪ್ಪಾಣಿ ಮತ್ತು ಕಾಗವಾಡ ತಾಲ್ಲೂಕುಗಳಿಗೆ ಸೇರಿದ ಗ್ರಾಮಗಳವರು ಈಗಿನ ತಾಲ್ಲೂಕಿನ ಹೆಸರನ್ನೇ ಬರೆಯಬೇಕು.

(3) ಕುಡಿಯುವ ನೀರು: ಸ್ವಲ್ಪ ಹೊತ್ತು ಪಂಪು ನಡೆಸಿದ ನಂತರ, ಅದೇ ನೀರಿನಿಂದ ತೊಳೆದ ಶುದ್ಧ ಬಾಟಲಿಯಲ್ಲಿ ಮಾದರಿ ತುಂಬಿ ವಿಳಂಬವಿಲ್ಲದೆ ತಲುಪಿಸಬೇಕು. ಅರ್ಜಿಯಲ್ಲಿ ನೈಟ್ರೇಟ್ ಪರೀಕ್ಷೆಯನ್ನು ಸ್ಪಷ್ಟವಾಗಿ ಕೋರಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯ ನೀಡುವ ಕ್ರಿಮಿರಹಿತ ಬಾಟಲಿಯನ್ನು ತೊಳೆಯದೆ ಬಳಸಬೇಕು.

(4) ಭೂಮಿ ಸುಧಾರಣೆ: ಸವಳಿಗೆ ಹೆಚ್ಚುವರಿ ಯೂರಿಯಾ ಪರಿಹಾರವಲ್ಲ. ಲವಣ ಹೆಚ್ಚಿರುವ ಭೂಮಿಯಲ್ಲಿ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ಲವಣವನ್ನು ತೊಳೆಯಬೇಕು. ಸೋಡಿಯಂ ಹೆಚ್ಚಾಗಿ ರಸಸಾರ 8.5 ಮೀರಿದ ಕ್ಷಾರ ಭೂಮಿಗೆ ವರದಿಯಲ್ಲಿ ಶಿಫಾರಸು ಮಾಡಿದಷ್ಟು ಜಿಪ್ಸಂ ಹಾಕಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡುತ್ತದೆ; ಅದು ಹರಿದುಹೋಗಲು ಬಸಿಗಾಲುವೆ ಇಲ್ಲಿಯೂ ಅಗತ್ಯ.

(5) ಯೂರಿಯಾ ಬಳಕೆ: ಶಿಫಾರಸಿನ ಪ್ರಮಾಣವನ್ನು ಕಂತುಗಳಲ್ಲಿ ನೀಡಿ ಮಣ್ಣಿನಿಂದ ಮುಚ್ಚಬೇಕು.

ಹೆಚ್ಚಿನ ಮಾಹಿತಿಗಾಗಿ ಮಣ್ಣಿನ ವಿಷಯದಲ್ಲಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ, ಕುಡಿಯುವ ನೀರಿನ ವಿಷಯದಲ್ಲಿ ಗ್ರಾಮ ಪಂಚಾಯಿತಿ ಕಾರ್ಯಾಲಯವನ್ನೂ ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.