ಹಸೆಗೋಡೆ ಮತ್ತು ಹೂಬಳ್ಳಿ: ಚಂದ್ರಗುತ್ತಿ ಸೀಮೆಯ ಗೃಹಾಲಂಕಾರದ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಬನವಾಸಿಗೂ ಸಿದ್ದಾಪುರದ ಕಾಡಿಗೂ ನಡುವೆ ಎದ್ದು ನಿಂತಿರುವ ಚಂದ್ರಗುತ್ತಿ ಬೆಟ್ಟದ ಚರಿತ್ರೆಯನ್ನು ಬರೆದವರು ಅದರ ಕೋಟೆಯನ್ನೂ, ರೇಣುಕಾಂಬೆಯ ಗುಹಾದೇವಾಲಯವನ್ನೂ, ವಿಜಯನಗರದ ಮೊದಲ ದಿನಗಳಲ್ಲಿ ಹರಿಹರನ ತಮ್ಮ ಮಾರಪ್ಪನು ಇಲ್ಲಿಂದ ನಾಡನ್ನಾಳಿದ ಸಂಗತಿಯನ್ನೂ ಶ್ರದ್ಧೆಯಿಂದ ದಾಖಲಿಸಿದ್ದಾರೆ. ಬಿ.ಎಲ್. ರೈಸರು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 8ನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ನೂರಾರು ಶಾಸನಗಳು ಸೇರಿವೆ. ಕಲ್ಲಿನ ಮೇಲೆ ಗಂಡಸರು ಕೊರೆಸಿದುದು ಹೀಗೆ ಪುಸ್ತಕಕ್ಕೆ ಏರಿತು. ಅದೇ ಊರುಗಳ ಮಣ್ಣಿನ ಗೋಡೆಗಳ ಮೇಲೆ ಹೆಂಗಸರು ಬರೆದುದು ಮುಂದಿನ ಸಾರಣೆಯ ಕೆಳಗೆ ಮುಚ್ಚಿಹೋಯಿತು. ಅದು ಕಡಿಮೆ ಬೆಲೆಯ ಕಲೆಯೆಂಬ ಕಾರಣಕ್ಕೆ ಹೀಗಾಯಿತೆನ್ನುವಂತಿಲ್ಲ. ಗೋಡೆಯಿಂದ ಕಿತ್ತು ಬೇರೆಡೆಗೆ ಒಯ್ಯಲಾಗದ ಕಲೆಯಾದ್ದರಿಂದ ಅದಕ್ಕೆ ಸಂಗ್ರಹಕಾರನೂ ದೊರೆಯಲಿಲ್ಲ, ಪ್ರದರ್ಶನವೂ ದೊರೆಯಲಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಒಳಗೋಡೆಯ ಅಲಂಕಾರದ ಚರಿತ್ರೆ ವಿವರವಾಗಿ ದಾಖಲಾಗಿರುವುದು ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದ, ಅಂದರೆ 1837ರಿಂದ 1901ರವರೆಗಿನ ಬ್ರಿಟನ್ನಿನಲ್ಲಿ, ಮತ್ತು ಅದರ ಮುಖ್ಯ ವಸ್ತು ವಾಲ್‌ಪೇಪರ್, ಎಂದರೆ ಹೂಬಳ್ಳಿಗಳನ್ನು ಅಚ್ಚೊತ್ತಿ ಸರಿಯಿಂದ ಗೋಡೆಗೆ ಅಂಟಿಸುತ್ತಿದ್ದ ಕಾಗದದ ಸುರುಳಿ. 1712ರಿಂದ ಅಲ್ಲಿ ಈ ಕಾಗದದ ಮೇಲಿದ್ದ ಸುಂಕವು 1836ರಲ್ಲಿ ರದ್ದಾಯಿತು. 1839ರಲ್ಲಿ ಲ್ಯಾಂಕಶೈರಿನ ಪಾಟರ್ ಕಂಪನಿಯವರು ಉರುಳೆಗಳಿಂದ ಅಚ್ಚೊತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಮುಂದೆ, ಶ್ರೀಮಂತರ ಕೋಣೆಗೆ ಮೀಸಲಾಗಿದ್ದ ಗುಲಾಬಿ ಮತ್ತು ಲಿಲಿಗಳು ಕೂಲಿಕಾರರ ಮನೆಯ ಗೋಡೆಗೂ ಬಂದವು. ಹೀಗೆ ಅಗ್ಗವಾದ ಹೂವುಗಳು ನೆರಳು ಬೆಳಕುಗಳೊಡನೆ ಉಬ್ಬಿ ನಿಂತಂತೆ ಕಾಣುತ್ತಿದ್ದುದನ್ನು ವಿನ್ಯಾಸದ ವಿಮರ್ಶಕರು ಒಪ್ಪಲಿಲ್ಲ. ಚಪ್ಪಟೆಯಾದ ಗೋಡೆಯ ಮೇಲಿನ ಚಿತ್ರವೂ ಚಪ್ಪಟೆಯಾಗಿಯೇ ಇರಬೇಕೆಂಬುದು ಹೆನ್ರಿ ಕೋಲ್ ಮತ್ತು ಓವೆನ್ ಜೋನ್ಸ್ ಮೊದಲಾದವರ ವಾದವಾಗಿತ್ತು. ಜೋನ್ಸನು 1856ರಲ್ಲಿ ಪ್ರಕಟಿಸಿದ ‘ದ ಗ್ರಾಮರ್ ಆಫ್ ಆರ್ನಮೆಂಟ್’ ಎಂಬ ಬೃಹತ್ ಗ್ರಂಥದಲ್ಲಿ, 1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದಿದ್ದ ಭಾರತೀಯ ವಸ್ತುಗಳ ಬಳ್ಳಿ ವಿನ್ಯಾಸಗಳನ್ನು ತನ್ನ ವಾದಕ್ಕೆ ಮಾದರಿಯಾಗಿ ಬಣ್ಣದ ಫಲಕಗಳಲ್ಲಿ ಕೊಟ್ಟನು. ವಿಕ್ಟೋರಿಯನ್ ಮನೆಯ ಗೋಡೆಯ ರುಚಿಯನ್ನು ತಿದ್ದಲು ಹೊರಟವರು ಕಣ್ಣು ಹಾಯಿಸಿದ ಕಡೆಗಳಲ್ಲಿ ಭಾರತವೂ ಒಂದಾಗಿತ್ತೆಂಬುದು ಚಂದ್ರಗುತ್ತಿ ಸೀಮೆಯ ಕಥೆಗೂ ನೇರವಾಗಿ ಸಂಬಂಧಿಸಿದ ವಿಷಯ.

ಇಂಗ್ಲಿಷ್ ವಿನ್ಯಾಸಕಾರ ವಿಲಿಯಂ ಮಾರಿಸನು ಈ ವಾದವನ್ನು ಅರ್ಧ ಒಪ್ಪಿ, ಅರ್ಧ ತಿದ್ದಿದನು. ಅವನು 1862ರಲ್ಲಿ ರಚಿಸಿದ, 1864ರಲ್ಲಿ ಮಾರಾಟಕ್ಕೆ ಬಂದ ‘ಟ್ರೆಲಿಸ್’ ವಿನ್ಯಾಸದಲ್ಲಿ ಚಪ್ಪರದ ಚೌಕಗಳ ನಡುವೆ ಗುಲಾಬಿಯ ಬಳ್ಳಿ ಹಬ್ಬಿದೆ. ಅದರ ಹಕ್ಕಿಗಳನ್ನು ಬರೆದವನು ಅವನ ಗೆಳೆಯ, ವಾಸ್ತುಶಿಲ್ಪಿ ಫಿಲಿಪ್ ವೆಬ್. 1872ರ ‘ಜ್ಯಾಸ್ಮಿನ್’ ಮತ್ತು 1875ರ ‘ಅಕಾಂಥಸ್’ ವಿನ್ಯಾಸಗಳಲ್ಲಿ ಎಲೆಬಳ್ಳಿಗಳು ಒಂದರ ಮೇಲೊಂದು ಹೆಣೆದುಕೊಂಡು, ಮರದ ಅಚ್ಚು ಎಲ್ಲಿ ಮುಗಿದು ಮತ್ತೆ ಎಲ್ಲಿ ಆರಂಭವಾಗುತ್ತದೆಂಬುದು ಕಣ್ಣಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಅಕಾಂಥಸ್ ಕಾಗದವನ್ನು ಅಚ್ಚೊತ್ತಲು 30 ಮರದ ಪಡಿಯಚ್ಚುಗಳು ಬೇಕಾಗುತ್ತಿದ್ದವು, ಮತ್ತು ಈ ಕೈಕೆಲಸವನ್ನು ಲಂಡನ್ನಿನ ಜೆಫ್ರಿ ಕಂಪನಿಯವರು ಮಾಡುತ್ತಿದ್ದರು. ಆ ಯುಗದ ಕಾಗದಗಳಿಗೆ ಇನ್ನೊಂದು ಮುಖವೂ ಇತ್ತು: ಹಸಿರು ಎಲೆಗಳ ಹೊಳಪಿಗೆ ಬಳಸುತ್ತಿದ್ದ, ಶೀಲೆ ಎಂಬ ರಸಾಯನಶಾಸ್ತ್ರಜ್ಞನ ಹೆಸರಿನ ಹಸಿರು ಬಣ್ಣದಲ್ಲಿ ಪಾಷಾಣ, ಅಂದರೆ ಆರ್ಸೆನಿಕ್ ಇರುತ್ತಿದ್ದು, ಒದ್ದೆ ಗೋಡೆಯ ಮೇಲೆ ಬೂಷ್ಟು ಹಿಡಿದಾಗ ಅದರಿಂದ ವಿಷಾನಿಲ ಹೊರಡುತ್ತಿತ್ತು.

ಆ ಒದ್ದೆಯೇ ಮಲೆನಾಡಿನ ಮನೆಯ ಮೊದಲ ಸಂಗತಿ. ಮುಂಗಾರಿನ ತಿಂಗಳುಗಳಲ್ಲಿ ಗೋಡೆಗಳು ಥಂಡಿ ಹೀರಿ ನಿಲ್ಲುವ, ವರಲೆ ಹುಳುಗಳು ಕಾಗದವನ್ನೂ ಮರವನ್ನೂ ಬಿಡದ ಈ ಸೀಮೆಯಲ್ಲಿ, ಹಿಟ್ಟಿನ ಸರಿಯಿಂದ ಅಂಟಿಸಿದ ಕಾಗದ ಒಂದು ಮಳೆಗಾಲವನ್ನು ದಾಟುವುದೂ ಕಷ್ಟ. ಇಲ್ಲಿನ ಗೋಡೆಗೆ ಹೊಂದಿದ ಅಲಂಕಾರವು ಗೋಡೆಯ ವಸ್ತುವಿನಿಂದಲೇ ಹುಟ್ಟಬೇಕಾಗಿತ್ತು, ಮತ್ತು ಹಾಗೆ ಹುಟ್ಟಿದುದು ಚಿತ್ತಾರ. ಸೊರಬ, ಸಾಗರ, ಶಿಕಾರಿಪುರ, ಹೊಸನಗರ ಮತ್ತು ನೆರೆಯ ಸಿದ್ದಾಪುರ ತಾಲ್ಲೂಕುಗಳಲ್ಲಿ ನೆಲೆಸಿರುವ ದೀವರು, ಬೇಸಾಯವನ್ನು ಮುಖ್ಯ ಕಸುಬಾಗಿ ಉಳ್ಳ ಮತ್ತು ಹಿಂದಿನ ಕಾಲದಲ್ಲಿ ಬಗನಿ ಮರದ ಹೆಂಡ ಇಳಿಸುವುದಕ್ಕೂ ಹೆಸರಾಗಿದ್ದ ಸಮುದಾಯ. ಈ ಸಮುದಾಯದ ಹೆಂಗಸರ ಕೈಯಲ್ಲಿ ಈ ಕಲೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿ ಬಂದಿದೆ. ಕೈಪಳಗಿದ ಹೆಂಗಸನ್ನು ಊರಿನವರು ಚಿತ್ತಾರಗಿತ್ತಿ ಎಂದು ಕರೆದು, ಮದುವೆಯ ಮನೆಗೆ ಗೌರವದಿಂದ ಬರಮಾಡಿಕೊಳ್ಳುತ್ತಾರೆ.

ಮದುವೆಯಲ್ಲಿ ಗಂಡುಹೆಣ್ಣನ್ನು ಕೂರಿಸುವ ಮಂಗಳಸ್ಥಾನವೇ ಹಸೆ. ಅದರ ಹಿಂದಿನ ಗೋಡೆ ಹಸೆಗೋಡೆ. ಮದುವೆಗೆ ಮುನ್ನ ಆ ಗೋಡೆಯನ್ನು ಕೆಮ್ಮಣ್ಣಿನಿಂದ ಸಾರಿಸಿ, ಒಣಗಿದ ಮೇಲೆ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಬಿಳಿಯನ್ನೂ, ಅಕ್ಕಿಯನ್ನು ಕರಿಕಾಗುವವರೆಗೆ ಹುರಿದು ಅರೆದು ಕಪ್ಪನ್ನೂ, ಗುರಗೆ ಕಾಯಿಯಿಂದ ಹಳದಿಯನ್ನೂ ತೆಗೆಯುತ್ತಾರೆ. ಕೆಂಪು ಗೋಡೆಯ ಮಣ್ಣಿನದೇ. ಕುಂಚವಾಗಿ ಬಳಸುವುದು ತುದಿಯನ್ನು ಹದಮಾಡಿದ ಪುಂಡಿಯ ನಾರು. ಅಳತೆಗೋಲಿಲ್ಲದೆ, ಮೊದಲೇ ಗುರುತು ಹಾಕಿಕೊಂಡ ನಕ್ಷೆಯಿಲ್ಲದೆ, ಬರಿಯ ಕಣ್ಣಳತೆಯಲ್ಲಿ ಚೌಕಟ್ಟಿನ ಎಳೆಗಳನ್ನು ಎಳೆದು, ಆ ಚೌಕಟ್ಟಿನೊಳಗೆ ಅಡ್ಡ, ಉದ್ದ ಮತ್ತು ಓರೆ ಗೆರೆಗಳನ್ನು ಹೆಣೆಯುತ್ತ ಹೋಗುವುದು ಇದರ ಕ್ರಮ. ಬರೆಯುವಾಗ ಜೊತೆಗಿರುವ ಹೆಂಗಸರು ಹಾಡುತ್ತಾರೆ, ಮತ್ತು ಹಾಡು ಇಲ್ಲಿ ಬೇಸರ ಕಳೆಯುವ ಉಪಾಯವಾಗಿರದೆ ಶಾಸ್ತ್ರದ ಅಂಗವೇ ಆಗಿರುತ್ತದೆ.

ಹಸೆಗೋಡೆ ಚಿತ್ತಾರದ ನಡುವೆ ಮದುಮಕ್ಕಳ ಗೊಂಬೆಗಳಿರುತ್ತವೆ. ಸುತ್ತ ಏಣಿಯಂತೆ ಏರುವ ಪಟ್ಟಿಗಳು, ಜಡೆ ಹೆಣೆದಂತಿರುವ ಜೋಗಿಜಡೆ, ಭತ್ತದ ಸಸಿ, ಮಲ್ಲಿಗೆಯ ಸಾಲು, ಹಕ್ಕಿ ಮತ್ತು ಮೇಲೆ ಬಾಸಿಂಗದ ಆಕಾರ ಬರುತ್ತವೆ. ಹೂವು ಇಲ್ಲಿ ಎಸಳು ಬಿಚ್ಚಿ ನಿಂತ ಹೂವಾಗಿ ಕಾಣದೆ, ಚುಕ್ಕಿ ಮತ್ತು ತ್ರಿಕೋನಗಳ ಒಂದು ಕಟ್ಟಾಗಿ ಕಾಣುತ್ತದೆ. ಮಲ್ಲಿಗೆಯನ್ನು ಬಲ್ಲವರಿಗೆ ಅದು ಮಲ್ಲಿಗೆ. ಲಂಡನ್ನಿನ ವಿಮರ್ಶಕರು ಪುಸ್ತಕಗಳನ್ನೂ ಪ್ರದರ್ಶನಗಳನ್ನೂ ಮಾಡಿ ಸಾಧಿಸಲು ಹೊರಟ ನಿಯಮ, ಗೋಡೆಯ ಚಿತ್ರ ಗೋಡೆಯಂತೆಯೇ ಚಪ್ಪಟೆಯಾಗಿರಬೇಕೆಂಬ ನಿಯಮ, ಈ ಗೋಡೆಗಳಲ್ಲಿ ಯಾರ ವಾದದ ಬೆಂಬಲವೂ ಇಲ್ಲದೆ ಪಾಲನೆಯಾಗುತ್ತಿತ್ತು. ಆದರೆ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಮಾರಿಸನ ಬಳ್ಳಿಯು ನಾಲ್ಕು ಗೋಡೆಗಳನ್ನೂ ತುಂಬಿ ಎಲ್ಲಿಯೂ ನಿಲ್ಲದೆ ಹಬ್ಬುವಂತೆ ರಚಿತವಾದುದು. ಅದಕ್ಕೆ ನಡುವೆಂಬುದಿಲ್ಲ, ಆ ಕೋಣೆಯಲ್ಲಿ ಯಾರು ಎಲ್ಲಿ ಕುಳಿತರೂ ಅದಕ್ಕೆ ಒಂದೇ. ಹಸೆಗೋಡೆಯ ಚಿತ್ತಾರಕ್ಕೆ ನಡುವಿದೆ, ಅಂಚಿದೆ, ತನ್ನ ಮುಂದೆ ಇಂಥವರೇ ಕೂರಬೇಕೆಂಬ ನಿರೀಕ್ಷೆಯಿದೆ. ಇಷ್ಟಪಟ್ಟು ಕೊಂಡ ಕಾಗದವನ್ನು ರುಚಿ ಬದಲಾದಾಗ ಕೀಳುತ್ತಾರೆ. ಚಿತ್ತಾರವನ್ನು ಅಳಿಸುವುದು ಮುಂದಿನ ಮದುವೆಗಾಗಿ ಗೋಡೆ ಸಾರಿಸುವಾಗ. ಹೀಗಾಗಿ ಚಿತ್ತಾರದ ಹಳಮೆಯನ್ನು ಯಾವುದೇ ಒಂದು ಗೋಡೆಯ ವಯಸ್ಸಿನಿಂದ ಅಳೆಯುವುದು ಸಲ್ಲದು. ಅದರ ಆಯುಸ್ಸು ಇರುವುದು ಕೈಗಳ ಪರಂಪರೆಯಲ್ಲಿ.

ಇದೇ ಸೀಮೆಯ ಇನ್ನೊಂದು ಸಮುದಾಯದ ಬಳ್ಳಿಗೆ ಬೇರೆಯೇ ಭಾಗ್ಯ ದೊರೆಯಿತು. ಸೊರಬ ಮತ್ತು ಸಾಗರದ ಗುಡಿಗಾರರು ಶ್ರೀಗಂಧದ ಮರದಲ್ಲಿ ಕೆತ್ತನೆ ಮಾಡುವವರು. ಗೋವೆಯ ಕಡೆಯಿಂದ ಪೋರ್ಚುಗೀಸರ ಕಾಟಕ್ಕೆ ಬೇಸತ್ತು ಘಟ್ಟ ಹತ್ತಿದವರೆಂಬ ಐತಿಹ್ಯ ಅವರ ಬಗ್ಗೆ ಇದೆ. ರೈಸರ ಮೈಸೂರು ಗೆಜೆಟಿಯರು ಇವರ ಕೆಲಸವನ್ನು ಮೆಚ್ಚಿ ವರ್ಣಿಸುತ್ತದೆ: ಪೆಟ್ಟಿಗೆ ಮತ್ತು ಮೇಜುಗಳ ಮೈಯನ್ನು ಎಳ್ಳಷ್ಟೂ ಖಾಲಿ ಬಿಡದಂತೆ ಹೆಣೆದ ಎಲೆಬಳ್ಳಿ, ಬಳ್ಳಿಯ ನಡುವಿನ ಪದಕಗಳಲ್ಲಿ ದೇವತೆಗಳು, ಅಲ್ಲಲ್ಲಿ ಪ್ರಾಣಿಗಳು. ಮರದ ಗಟ್ಟಿತನವೂ ಕೆತ್ತನೆಯ ಸೂಕ್ಷ್ಮತೆಯೂ ಸೇರಿ ಒಂದು ಮೇಜಿಗೆ ತಿಂಗಳುಗಟ್ಟಲೆ ಶ್ರಮ ಬೇಕಾಗುತ್ತಿತ್ತೆಂದೂ, ಕೆತ್ತುವವರು ಚಿಕ್ಕ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಳ್ಳುತ್ತಿದ್ದರೆಂಬ ಮಾತಿತ್ತೆಂದೂ, ಯುರೋಪಿನ ವಿನ್ಯಾಸಗಳನ್ನು ಕೊಟ್ಟರೆ ಅವನ್ನೂ ಲೋಪವಿಲ್ಲದೆ ಅನುಕರಿಸುತ್ತಿದ್ದರೆಂದೂ ಅಲ್ಲಿ ಹೇಳಿದೆ. ಈ ಕೊನೆಯ ಮಾತು ಗಮನಾರ್ಹವಾದುದು. ವಿಕ್ಟೋರಿಯನ್ ಹೂಬಳ್ಳಿ ಸೊರಬಕ್ಕೆ ಬಂದುದು ಗೋಡೆಯ ಕಾಗದವಾಗಿ ಅಲ್ಲ, ಗಿರಾಕಿಯ ಕೈಯಲ್ಲಿದ್ದ ಮಾದರಿಯಾಗಿ. ಸೊರಬದ ಬಳ್ಳಿ ಹೊರನಾಡಿನವರ ಬೈಠಕ್ಕಿಗೆ ಹೋದುದು ಗಂಧದ ಪೆಟ್ಟಿಗೆಯಾಗಿ. ಈ ಬಗೆಯ ಬಳ್ಳಿಗೆ ಇದೇ ನೆಲದಲ್ಲಿ ಹಳೆಯ ಬೇರುಗಳಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಚಾಲುಕ್ಯರ ಕಾಲದ ತ್ರಿಪುರಾಂತಕ ದೇವಾಲಯದ ಬಾಗಿಲುವಾಡ ಮತ್ತು ಜಾಲಂಧ್ರಗಳಲ್ಲಿ ಕಲ್ಲನ್ನು ಹೆಣೆದಂತೆ ಕಾಣುವ ಕೆತ್ತನೆಯನ್ನು ನೋಡಿದವರಿಗೆ, ಗಂಧದ ಪೆಟ್ಟಿಗೆಯ ಖಾಲಿ ಬಿಡದ ಕೆತ್ತನೆ ಹೊರಗಿನಿಂದ ಬಂದ ರುಚಿಯೆನಿಸಲಾರದು.

ಗುಡಿಗಾರರ ಬಳ್ಳಿ ದಾಖಲೆಗೆ ಸಿಕ್ಕಿತು, ದೀವರ ಮಲ್ಲಿಗೆ ಸಿಗಲಿಲ್ಲ. ಒಂದು ಗಂಧದ ಮರದಲ್ಲಿತ್ತು, ಹಣ ತರುತ್ತಿತ್ತು, ಹಡಗು ಹತ್ತುತ್ತಿತ್ತು. ಇನ್ನೊಂದು ಗೇಣಿದಾರರ ಮನೆಯ ಒಳಗೋಡೆಯಲ್ಲಿ, ಅಧಿಕಾರಿಯ ಕಣ್ಣಿಗೆ ಬೀಳದ ಕಡೆಯಲ್ಲಿತ್ತು. ಆದರೂ ಎರಡಕ್ಕೂ ನಡುವೆ ಒಂದು ಗಟ್ಟಿಯಾದ ಕೊಂಡಿಯಿದೆ. ಬೆಂಡು, ಅಂದರೆ ನೀರಿನಲ್ಲಿ ಬೆಳೆಯುವ ಗಿಡದ ಹಗುರವಾದ ಬಿಳಿಯ ತಿರುಳನ್ನು ತೆಳುವಾಗಿ ಸೀಳಿ, ಮದುಮಕ್ಕಳು ಹಣೆಗೆ ಕಟ್ಟುವ ಬಾಸಿಂಗ ಮತ್ತು ಹೂದಂಡೆಗಳನ್ನು ಮಾಡುವುದು ಗುಡಿಗಾರರ ಇನ್ನೊಂದು ಕಸುಬು. ಗುಡಿಗಾರರ ಮನೆಯಲ್ಲಿ ತಯಾರಾದ ಬಾಸಿಂಗ ಮದುಮಗನ ಹಣೆಯ ಮೇಲೆ, ಅದೇ ಬಾಸಿಂಗದ ಆಕಾರ ಅವನ ಬೆನ್ನ ಹಿಂದಿನ ಹಸೆಗೋಡೆಯ ಮೇಲೆ: ಒಂದೇ ಮುಹೂರ್ತದಲ್ಲಿ ಎರಡು ಸಮುದಾಯಗಳ ಕೈಕೆಲಸ ಒಂದೆಡೆ ಕೂಡುತ್ತಿತ್ತು. ಚಿತ್ತಾರವನ್ನು ಒಂದು ಜನಾಂಗದ ಒಳಗಿನ ಮುಚ್ಚಿದ ಸಂಪ್ರದಾಯವೆಂದು ವಿವರಿಸುವ ಬರಹಗಳು ಇದನ್ನು ಗಣಿಸಬೇಕು.

20ನೆಯ ಶತಮಾನದಲ್ಲಿ ಚಿತ್ತಾರದ ಗತಿಯನ್ನು ಬದಲಿಸಿದುದು ರುಚಿಗಿಂತ ಹೆಚ್ಚಾಗಿ ಭೂಮಿ ಮತ್ತು ಮನೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಭೂಮಾಲೀಕರ ವಿರುದ್ಧ ನಡೆಸಿದ ಸತ್ಯಾಗ್ರಹ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕಾಯಿದೆ ಇವೆರಡರಿಂದ ಉಳುವವರಿಗೆ ಹೊಲದ ಹಕ್ಕು ಬಂದಿತು; ಆ ಹಕ್ಕಿನೊಡನೆ ಮಣ್ಣಿನ ಗೋಡೆಯ ಬದಲು ಇಟ್ಟಿಗೆ ಮತ್ತು ಸಿಮೆಂಟಿನ ಗೋಡೆ ಕಟ್ಟುವ ಶಕ್ತಿಯೂ ಬಂದಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಊರುಗಳು ಮುಳುಗಿದಾಗ, ಜನರು ಪಾತ್ರೆಪಡಗ, ದನಕರು, ಬಾಗಿಲುಗಳನ್ನು ಹೊತ್ತು ಬಂದರೂ ಗೋಡೆಗಳನ್ನು ತರುವಂತಿರಲಿಲ್ಲ. ಸೊರಬ ತಾಲ್ಲೂಕಿನ ಕುಬಟೂರಿನವರಾದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಗಳಾಗಿದ್ದಾಗ ಆರಂಭವಾದ ಆಶ್ರಯ ಯೋಜನೆ ಬಡವರಿಗೆ ಗಟ್ಟಿ ಮನೆಗಳನ್ನು ಕೊಟ್ಟಿತು. ಗಟ್ಟಿ ಮನೆ ಸಿಕ್ಕವರು ಮಣ್ಣಿನ ಗೋಡೆಯನ್ನು ಬಿಟ್ಟುಕೊಟ್ಟುದಕ್ಕೆ ಯಾರೂ ಅವರನ್ನು ದೂಷಿಸುವಂತಿಲ್ಲ. ಆದರೆ ಸಿಮೆಂಟಿನ ಮೇಲೆ ಕೆಮ್ಮಣ್ಣು ಮಣ್ಣಿನ ಗೋಡೆಯ ಮೇಲಿನಂತೆ ಕೂಡಿ ನಿಲ್ಲುವುದಿಲ್ಲ, ಬಣ್ಣ ಬಳಿಸಿದ ಗೋಡೆಯನ್ನು ಸಾರಿಸುವ ಪ್ರಶ್ನೆಯೇ ಏಳುವುದಿಲ್ಲ; ಸಾರಣೆಯಿಲ್ಲದ ಕಡೆ ಚಿತ್ತಾರವನ್ನು ಹೊಸದಾಗಿ ಬರೆಯುವ ಕಾರಣವೇ ಹೋಯಿತು.

ಆ ಹೊತ್ತಿನಲ್ಲಿ ಚಿತ್ತಾರವು ಮೊದಲ ಬಾರಿಗೆ ಗೋಡೆಯಿಂದ ಇಳಿದು ಕಾಗದ ಮತ್ತು ಬಟ್ಟೆಗೆ ಬಂದಿತು. ಸಾಗರ ತಾಲ್ಲೂಕಿನ ಸಿರಿವಂತೆಯ ‘ಚಿತ್ತಾರಸಿರಿ’ಯಂಥ ಕೇಂದ್ರಗಳಲ್ಲಿ ಚೌಕಟ್ಟು ಹಾಕಿದ ಚಿತ್ತಾರಗಳು ತಯಾರಾಗುತ್ತವೆ, ಮತ್ತು ಅವು ಬೆಂಗಳೂರಿನ ಮನೆಗಳ ಗೋಡೆಗಳನ್ನು ಸೇರುತ್ತವೆ, ಹೆಂಗಸರದೇ ಆಗಿದ್ದ ಕೆಲಸಕ್ಕೆ ಗಂಡಸರೂ ಬಂದಿದ್ದಾರೆ. ಇದರಿಂದ ಕಲೆ ಉಳಿಯಿತೆಂಬುದು ನಿಜ, ಚಿತ್ತಾರಗಿತ್ತಿಯರ ಕೈಗೆ ನಾಲ್ಕು ಕಾಸು ಬಂದಿತೆಂಬುದು ಇನ್ನೂ ದೊಡ್ಡ ನಿಜ. ಆದರೂ ಹಾಳೆಯ ಅಳತೆಗೆ ಕುಗ್ಗಿದ ಚಿತ್ತಾರದಲ್ಲಿ ಗೊಂಬೆಗಳ ಮುಂದೆ ಕೂರುವವರಿಲ್ಲ, ಮತ್ತು ಇದನ್ನು ಹಸೆಗೋಡೆಯ ಮುಂದುವರಿಕೆಯೆನ್ನುವುದಕ್ಕಿಂತ ಅದರಿಂದ ಕವಲೊಡೆದ ಹೊಸ ಕಲೆಯೆಂದು ಗುರುತಿಸುವುದೇ ಎರಡಕ್ಕೂ ನ್ಯಾಯ. ಗುಡಿಗಾರರ ಕಷ್ಟ ಬೇರೆ ಬಗೆಯದು. ಟಿಪ್ಪುವಿನ ಕಾಲದಿಂದ 2001ರವರೆಗೆ ಗಂಧದ ಮರ ಸರ್ಕಾರದ ಸೊತ್ತಾಗಿದ್ದು, ಕೆತ್ತುವವನಿಗೆ ಮರ ಸಿಗುತ್ತಿದ್ದುದು ಸರ್ಕಾರ ಕೊಟ್ಟಷ್ಟೇ. ಕಾಡಿನಲ್ಲಿ ಗಂಧ ವಿರಳವಾದಂತೆ ಕೈಗೆ ಕೆಲಸವೂ ವಿರಳವಾಯಿತು.

ಸಿಮೆಂಟಿನ ಮನೆಗಳಲ್ಲಿಯೂ ತಪ್ಪದೆ ಉಳಿದಿರುವ ಒಂದು ಚಿತ್ತಾರ ಭೂಮಣ್ಣಿ ಬುಟ್ಟಿಯದು. ಆಶ್ವಯುಜ ಮಾಸದ ಹುಣ್ಣಿಮೆಯನ್ನು ಇಲ್ಲಿ ಭೂಮಿ ಹುಣ್ಣಿಮೆ ಎನ್ನುತ್ತಾರೆ. ತೆನೆ ಕಟ್ಟುತ್ತಿರುವ ಭತ್ತದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆ ತೀರಿಸಲು ಅಡುಗೆ ಮಾಡಿ ಒಯ್ಯುವ ಹಬ್ಬವದು. ಅಡುಗೆ ಮತ್ತು ಚರಗವನ್ನು, ಅಂದರೆ ಗದ್ದೆಗೆ ಬೀರುವ ಸೊಪ್ಪಿನ ಮಿಶ್ರಣವನ್ನು, ತುಂಬುವ ಬಿದಿರಿನ ಬುಟ್ಟಿಗಳಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನಿಂದ ಅದೇ ಎಳೆ, ಅದೇ ಸಸಿ, ಅದೇ ಬಳ್ಳಿಗಳನ್ನು ಬರೆಯುತ್ತಾರೆ. ಮದುವೆ ಒಂದು ಮನೆಯಲ್ಲಿ ಹಲವು ವರ್ಷಕ್ಕೊಮ್ಮೆ ಬರುವುದು. ಹುಣ್ಣಿಮೆ ಪ್ರತಿ ವರ್ಷ ಬರುತ್ತದೆ, ಮತ್ತು ಬುಟ್ಟಿಗೆ ಮಣ್ಣಿನ ಗೋಡೆ ಬೇಕಿಲ್ಲ. ಹುಡುಗಿಯರು ಪುಂಡಿ ನಾರು ಹಿಡಿಯಲು ಈಗಲೂ ಮನೆಯಲ್ಲೇ ಕಲಿಯುವುದು ಈ ಬುಟ್ಟಿಯ ಮೇಲೆ, ಮತ್ತು ಹಸೆಗೋಡೆಯ ಚಿತ್ತಾರವನ್ನು ಅಧ್ಯಯನ ಮಾಡುವವರು ಉಳಿದಿರುವ ಹಳೆಯ ಗೋಡೆಗಳ ಜೊತೆಗೆ ವರ್ಷವರ್ಷವೂ ಹೊಸದಾಗಿ ಬರೆಯುವ ಈ ಬುಟ್ಟಿಗಳನ್ನೂ ಊರೂರಿಗೆ, ಕೈ ಕೈಗೆ ಹೋಲಿಸಿ ದಾಖಲಿಸಬೇಕಾಗಿದೆ.