ಕಾರು ನೇರ, ಸ್ಟೇರಿಂಗ್ ಮಾತ್ರ ಓರೆ: ಕಾರಣವೇನು, ಪರಿಹಾರವೇನು?

ಸಮತಟ್ಟಾದ ನೇರ ರಸ್ತೆಯಲ್ಲಿ ಕಾರು ನೇರವಾಗಿಯೇ ಸಾಗುತ್ತಿರುತ್ತದೆ. ಆದರೆ ಚಾಲಕರ ಕೈಯಲ್ಲಿರುವ ಸ್ಟೇರಿಂಗ್ ಒಂದು ಬದಿಗೆ ವಾಲಿರುತ್ತದೆ. ಚಂದಗಡ ತಾಲ್ಲೂಕಿನಂತಹ ಭಾರೀ ಮಳೆಯ ಪ್ರದೇಶದಲ್ಲಿ ಇದಕ್ಕೆ ಅವಕಾಶ ಹೆಚ್ಚು. ನೀರು ತುಂಬಿದ ಗುಂಡಿಯ ಆಳ ಕಣ್ಣಿಗೆ ತಿಳಿಯುವುದಿಲ್ಲ. ಮಳೆ ಮುಗಿದು ಕಬ್ಬು ನುರಿಸುವ ಹಂಗಾಮು ಆರಂಭವಾದರೆ, ಎದುರು ಬರುವ ಟ್ರ್ಯಾಕ್ಟರಿಗೆ ದಾರಿ ಬಿಡಲೆಂದು ಡಾಂಬರಿನ ಅಂಚಿನಿಂದ ವಾಹನವನ್ನು ಕೆಳಗಿಳಿಸಿ ಮತ್ತೆ ಹತ್ತಿಸಬೇಕಾಗುತ್ತದೆ. ಅಂತಹ ಒಂದೇ ಪೆಟ್ಟಿಗೆ ಚಕ್ರವನ್ನು ತಿರುಗಿಸುವ ಕಬ್ಬಿಣದ ಸರಳು ಬಾಗಬಹುದು.

ನಮ್ಮ ಓದುಗರಲ್ಲಿ ಹಲವರು ಮಕ್ಕಳನ್ನು ಸ್ವಂತ ಕಾರಿನಲ್ಲಿ ಅಥವಾ ನಾಲ್ಕಾರು ಮನೆಯವರು ಸೇರಿ ಗೊತ್ತು ಮಾಡಿದ ವ್ಯಾನಿನಲ್ಲಿ ಕನ್ನಡ ಶಾಲೆಗೆ ಕಳುಹಿಸುವವರು. ಆದುದರಿಂದ ಸ್ಟೇರಿಂಗ್ ಓರೆಯಾಗುವುದು ಏಕೆ, ಯಾವ ಓರೆ ಅಪಾಯಕಾರಿ, ಗ್ಯಾರೇಜಿನಲ್ಲಿ ಏನನ್ನು ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಮೂರು ದೋಷಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಕಾರು ನೇರವಾಗಿ ಹೋಗುತ್ತಿದ್ದು ಸ್ಟೇರಿಂಗ್ ಮಾತ್ರ ವಾಲಿದ್ದರೆ ಅದು ಒಂದು ದೋಷ. ಹಿಡಿತ ಸಡಿಲಿಸಿದೊಡನೆ ಕಾರೇ ಒಂದು ಬದಿಗೆ ಎಳೆಯುತ್ತಿದ್ದರೆ ಅದು ಮತ್ತೊಂದು. ವೇಗ ಹೆಚ್ಚಿದಂತೆ ಸ್ಟೇರಿಂಗ್ ನಡುಗಿದರೆ ಅದು ಸಾಮಾನ್ಯವಾಗಿ ಚಕ್ರದ ಬ್ಯಾಲೆನ್ಸಿಂಗಿಗೆ ಸಂಬಂಧಿಸಿದ್ದು. ನಮ್ಮ ಭಾಗದ ಗ್ಯಾರೇಜುಗಳಲ್ಲಿ ಮಾತುಕತೆ ಹೆಚ್ಚಾಗಿ ಮರಾಠಿಯಲ್ಲಿ ನಡೆಯುವುದರಿಂದ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುವುದು ಲೇಸು. ‘ಸ್ಟೇರಿಂಗ್ ವಾಕಡಂ ಆಹೇ’ ಎಂದರೆ ಸ್ಟೇರಿಂಗ್ ಓರೆಯಾಗಿದೆ. ‘ಗಾಡೀ ಡಾವೀಕಡೇ ಓಢತೇ’ ಎಂದರೆ ವಾಹನ ಎಡಕ್ಕೆ ಎಳೆಯುತ್ತದೆ. ಎರಡಕ್ಕೂ ಒಂದೇ ಮಾತು ಬಳಸಿದರೆ ಮೆಕ್ಯಾನಿಕ್ ತಪ್ಪು ಜಾಗದಲ್ಲಿ ಹುಡುಕತೊಡಗುತ್ತಾರೆ.

ಪರೀಕ್ಷೆ ಮನೆಯವರೇ ಮಾಡಬಹುದು. ನಾಲ್ಕೂ ಟೈರುಗಳಿಗೆ, ಚಾಲಕರ ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ವಾಹನದ ಕೈಪಿಡಿಯಲ್ಲಿ ಸೂಚಿಸಿದಷ್ಟು ಗಾಳಿಯನ್ನು ಟೈರು ತಣ್ಣಗಿರುವಾಗ ಹಾಕಿಸಬೇಕು. ಮುಂದಿನ ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಕಾರು ಆ ಬದಿಗೇ ಎಳೆಯುತ್ತದೆ; ಅದನ್ನು ತಡೆಯಲು ಚಾಲಕರು ಹಿಡಿದ ಸ್ಟೇರಿಂಗ್ ಓರೆಯಾಗಿ ಕಾಣುತ್ತದೆ. ಅನಂತರ ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ನಿಧಾನವಾಗಿ ಸಾಗಿ ನೋಡಬೇಕು. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರವಾಗಿ, ಅಂಚಿಗೆ ಇಳಿಜಾರಾಗಿ ಕಟ್ಟಿರುತ್ತಾರೆ. ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ಕಾರು ತುಸು ಎಡಕ್ಕೆ ಜಾರುವುದು, ಸ್ಟೇರಿಂಗನ್ನು ಕೂದಲೆಳೆಯಷ್ಟು ಬಲಕ್ಕೆ ಹಿಡಿಯಬೇಕಾಗುವುದು ಸಹಜ. ಅದು ದೋಷವಲ್ಲ. ವಿಶಾಲವಾದ ಸಮತಟ್ಟು ಅಂಗಳದಲ್ಲಿಯೂ ಸ್ಟೇರಿಂಗ್ ವಾಲಿಯೇ ಇದ್ದರೆ ಕಾರಣ ವಾಹನದಲ್ಲಿಯೇ ಇದೆ.

ಒಳಗಿನ ರಚನೆ ಕಷ್ಟವಾದುದೇನಲ್ಲ. ಸ್ಟೇರಿಂಗಿನ ದಂಡ ಕೆಳಗೆ ರ‍್ಯಾಕ್ ಎಂಬ ಹಲ್ಲುಪಟ್ಟಿಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತದೆ. ರ‍್ಯಾಕಿನ ಎರಡು ತುದಿಗಳಿಂದ ಎರಡು ಟೈ ರಾಡುಗಳು ಮುಂದಿನ ಚಕ್ರಗಳಿಗೆ ಹೋಗುತ್ತವೆ. ಎರಡೂ ಸರಿಯಾದ ಉದ್ದದಲ್ಲಿದ್ದಾಗ ಚಕ್ರಗಳೂ ಸ್ಟೇರಿಂಗೂ ಒಟ್ಟಿಗೆ ನೇರವಾಗಿರುತ್ತವೆ. ಒಂದು ರಾಡು ಬಾಗಿ ಗಿಡ್ಡವಾದರೆ ಆ ಬದಿಯ ಚಕ್ರ ತಿರುಗಿಬಿಡುತ್ತದೆ. ಕಾರು ಓಡುವಾಗ ಮುಂದಿನ ಎರಡು ಚಕ್ರಗಳು ಆ ತಪ್ಪನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಕಾರು ನೇರ ಹೋಗುತ್ತದೆ, ಸ್ಟೇರಿಂಗ್ ಓರೆಯಾಗುತ್ತದೆ. ಸಾಮಾನ್ಯ ಕಾರಿನಲ್ಲಿ ಸ್ಟೇರಿಂಗ್ ಸುಮಾರು 15 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ ತಿರುಗುತ್ತದೆ. ಆದುದರಿಂದ ಒಂದು ಚಕ್ರ 1 ಡಿಗ್ರಿ ತಪ್ಪಿದರೆ, ಎರಡೂ ಅರ್ಧರ್ಧ ಹಂಚಿಕೊಂಡು, ಸ್ಟೇರಿಂಗ್ ಏಳೆಂಟು ಡಿಗ್ರಿ ವಾಲುತ್ತದೆ. ಗಡಿಯಾರದ ಮುಖದ ಮೇಲೆ ಇದು ಒಂದೂಕಾಲು ನಿಮಿಷದ ಅಂತರ. ನೋಡಲು ಅಲ್ಪ, ಟೈರಿಗೆ ಅಲ್ಪವಲ್ಲ.

ಪೆಟ್ಟು ಬೀಳದಿದ್ದರೂ ಓರೆಯಾಗಬಹುದು. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ ಮರುದಿನವೇ ಸ್ಟೇರಿಂಗ್ ವಾಲಿದ್ದರೆ, ಕೆಲಸ ಮಾಡಿದವರು ಸ್ಟೇರಿಂಗನ್ನು ನಟ್ಟನಡುವೆ ನಿಲ್ಲಿಸಿ ಬಿಗಿಯದೆ ರಾಡುಗಳನ್ನು ತಿರುಗಿಸಿದ್ದಾರೆ ಎಂದು ಊಹಿಸಬಹುದು. ಎರಡು ಚಕ್ರಗಳ ಒಟ್ಟು ಲೆಕ್ಕ ಸರಿಯಿದ್ದು ಹಂಚಿಕೆ ತಪ್ಪಿರುತ್ತದೆ. ಹಿಂದಿನ ಆ್ಯಕ್ಸಲ್ ಪೆಟ್ಟಿನಿಂದ ಸರಿದಿದ್ದರೂ ಇದೇ ಫಲ: ಹಿಂದಿನ ಚಕ್ರಗಳು ನೋಡುವ ದಿಕ್ಕಿಗೇ ಮುಂದಿನವೂ ತಿರುಗಬೇಕಾಗಿ, ಕಾರು ಏಡಿಯಂತೆ ತುಸು ಅಡ್ಡಡ್ಡವಾಗಿ ಸಾಗುತ್ತದೆ. ಮುಂದಿನ ಎರಡು ಚಕ್ರಗಳನ್ನು ಮಾತ್ರ ಅಳೆಯುವವರಿಗೆ ಇದು ಕಾಣುವುದೇ ಇಲ್ಲ.

ಇವೆಲ್ಲಕ್ಕಿಂತ ನಾವು ಹೆಚ್ಚು ಎಚ್ಚರಿಸಬಯಸುವುದು ಸವೆದ ಜೋಡಣೆಗಳ ಬಗ್ಗೆ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮಿನ ರಬ್ಬರ್ ಬುಷ್ ಇವು ಸವೆದಾಗ ಸ್ಟೇರಿಂಗಿನ ಓರೆ ಒಂದೇ ರೀತಿ ಇರುವುದಿಲ್ಲ. ಬ್ರೇಕ್ ಒತ್ತಿದಾಗ ಒಂದು ಕಡೆ, ವೇಗ ಹೆಚ್ಚಿಸಿದಾಗ ಇನ್ನೊಂದು ಕಡೆ ವಾಲುತ್ತದೆ. ಗುಂಡಿಗೆ ಬಿದ್ದಾಗ ಟಕ್ ಟಕ್ ಎಂಬ ಸದ್ದು ಬರುತ್ತದೆ. ಟೈ ರಾಡ್ ಎಂಡ್ ಕಳಚಿದರೆ ಆ ಚಕ್ರದ ಮೇಲೆ ಚಾಲಕರಿಗೆ ಹಿಡಿತವೇ ಉಳಿಯುವುದಿಲ್ಲ. ಇಂತಹ ಲಕ್ಷಣವುಳ್ಳ ಅಥವಾ ಪೆಟ್ಟು ಬಿದ್ದೊಡನೆ ಸ್ಟೇರಿಂಗ್ ಓರೆಯಾದ ವಾಹನವನ್ನು ತಿಲಾರಿ ಘಾಟಿನಂತಹ ಕಡಿದಾದ ತಿರುವುಗಳಿಗೆ ಒಯ್ಯಬಾರದು. ಮಕ್ಕಳನ್ನು ಕೂರಿಸಿಕೊಂಡು ಶಾಲೆಯವರೆಗೂ ಹೋಗಬಾರದು. ವಾಹನವನ್ನು ಜಾಕಿನ ಮೇಲೆ ಎತ್ತಿ, ಚಕ್ರವನ್ನು ಎಡಬಲ ಅಲುಗಾಡಿಸಿ ನೋಡುವಂತೆ ಮೆಕ್ಯಾನಿಕರಿಗೆ ಹೇಳಬೇಕು.

ದುರಸ್ತಿಯಲ್ಲಿ ಒಂದು ಅಡ್ಡದಾರಿ ಇದೆ. ಸ್ಟೇರಿಂಗ್ ಚಕ್ರವನ್ನೇ ಬಿಚ್ಚಿ, ದಂಡದ ಹಲ್ಲಿನ ಮೇಲೆ ಒಂದೆರಡು ಹಲ್ಲು ಸರಿಸಿ ನೇರವಾಗಿ ಕೂರಿಸುವುದು. ಕೆಲಸ ಬೇಗ ಮುಗಿಯುತ್ತದೆ, ಖರ್ಚು ಕಡಿಮೆ, ಕಣ್ಣಿಗೂ ಸರಿಯಾಗಿ ಕಾಣುತ್ತದೆ. ಆದರೆ ಬಾಗಿದ ರಾಡು ಬಾಗಿಯೇ ಇರುತ್ತದೆ, ಟೈರು ಸವೆಯುತ್ತಲೇ ಇರುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ಟೇರಿಂಗ್ ಬಿಚ್ಚುವುದೇ ಅಪಾಯದ ಕೆಲಸ. ಒಳಗಿನ ಸುರುಳಿ ತಂತಿ ತುಂಡಾದರೆ ಅಪಘಾತದ ವೇಳೆ ಏರ್‌ಬ್ಯಾಗ್ ತೆರೆಯದೆ ಹೋಗಬಹುದು. ಹಿಂದೆ ಯಾರೋ ಸ್ಟೇರಿಂಗನ್ನು ಬಿಚ್ಚಿ ತಪ್ಪಾಗಿ ಕೂರಿಸಿದ್ದು ಖಚಿತವಾಗಿದ್ದರೆ ಮಾತ್ರ ಈ ಕ್ರಮ ಸರಿ.

ಸರಿಯಾದ ಕ್ರಮದಲ್ಲಿ ಮೊದಲು ಗಾಳಿ, ಬಳಿಕ ಸವೆದ ಭಾಗಗಳ ಬದಲಾವಣೆ, ಅನಂತರ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್. ಸಡಿಲ ಜೋಡಣೆಯನ್ನು ಹಾಗೆಯೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಹಣ ವ್ಯರ್ಥ. ಹಿಂದಿನ ಚಕ್ರಗಳನ್ನು ಮೊದಲು ಅಳೆದು, ಸ್ಟೇರಿಂಗನ್ನು ನೇರವಾಗಿ ಬಿಗಿದು, ಎರಡೂ ಟೈ ರಾಡುಗಳನ್ನು ಸರಿಹೊಂದಿಸಿ, ಲಾಕ್ ನಟ್ಟುಗಳನ್ನು ಬಿಗಿಗೊಳಿಸಿ, ಕೊನೆಗೆ ರಸ್ತೆಯಲ್ಲಿ ಓಡಿಸಿ ನೋಡಬೇಕು. ಒಟ್ಟು ಲೆಕ್ಕ ಸರಿಯಿದ್ದು ಸ್ಟೇರಿಂಗ್ ಮಾತ್ರ ವಾಲಿದ್ದರೆ ಒಂದು ರಾಡನ್ನು ಉದ್ದ ಮಾಡಿದಷ್ಟೇ ಇನ್ನೊಂದನ್ನು ಗಿಡ್ಡ ಮಾಡಿದರೆ ಸಾಕು. ಸ್ಟೇರಿಂಗಿನ ಕೋನವನ್ನು ಅಳೆಯುವ ಸೆನ್ಸರ್ ಇರುವ ಹೊಸ ಕಾರುಗಳಲ್ಲಿ ಅದನ್ನು ಯಂತ್ರದ ಮೂಲಕ ಮರುಹೊಂದಿಸಬೇಕಾಗಬಹುದು. ಮುಂದೆ ಒಂದೇ ಗಟ್ಟಿ ಆ್ಯಕ್ಸಲ್ ಇರುವ ಹಳೆಯ ಜೀಪುಗಳ ಮಾತು ಬೇರೆ: ಅವುಗಳಲ್ಲಿ ಸಾಮಾನ್ಯವಾಗಿ ಡ್ರ್ಯಾಗ್ ಲಿಂಕಿನ ಉದ್ದ ಬದಲಿಸಿ ಸ್ಟೇರಿಂಗನ್ನು ನಡುವಿಗೆ ತರುತ್ತಾರೆ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಚಂದಗಡ ಬೆಳಗಾವಿ ಜಿಲ್ಲೆಯಲ್ಲಿತ್ತು. ಇಂದಿಗೂ ಇಲ್ಲಿನವರು ಹಲವು ಕೆಲಸಗಳಿಗೆ ಶಿನೋಳಿ ದಾಟಿ ಬೆಳಗಾವಿಗೇ ಹೋಗುತ್ತಾರೆ. ಅಲೈನ್‌ಮೆಂಟನ್ನು ಬೆಳಗಾವಿಯಲ್ಲಿ ಮಾಡಿಸಿದರೂ ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರಗಳಲ್ಲಿ ಮಾಡಿಸಿದರೂ ಯಂತ್ರದಿಂದ ಬರುವ ಅಚ್ಚಿನ ಹಾಳೆಯನ್ನು ಕೇಳಿ ಪಡೆಯಬೇಕು. ಅದು ಇಂಗ್ಲಿಷಿನಲ್ಲಿದ್ದರೂ ಹೆದರಬೇಕಿಲ್ಲ. ‘ಟೋ’ ಎಂಬ ಸಾಲಿನಲ್ಲಿ ಎಡ ಮತ್ತು ಬಲ ಚಕ್ರದ ಅಂಕಿಗಳು ಪರಸ್ಪರ ಹತ್ತಿರವಿರಬೇಕು, ಎರಡೂ ತಯಾರಕರು ಸೂಚಿಸಿದ ಮಿತಿಯೊಳಗೆ ಇರಬೇಕು. ‘ಥ್ರಸ್ಟ್’ ಎಂಬ ಸಾಲಿನ ಅಂಕಿ ಸೊನ್ನೆಗೆ ಹತ್ತಿರವಿರಬೇಕು. ಅಂಕಿಗಳು ಡಿಗ್ರಿ ಮತ್ತು ನಿಮಿಷಗಳಲ್ಲಿದ್ದರೆ 60 ನಿಮಿಷಕ್ಕೆ 1 ಡಿಗ್ರಿ ಎಂಬುದನ್ನು ಪ್ರೌಢಶಾಲೆಯ ಮಕ್ಕಳೇ ಲೆಕ್ಕ ಹಾಕಿ ಹೇಳಬಲ್ಲರು.

ವ್ಯಾನಿನ ಮಾಲೀಕರು ಬೇರೆಯವರಾಗಿದ್ದರೂ ಪಾಲಕರು ಟೈರನ್ನು ನೋಡಬಹುದು. ಟೈರಿನ ಮೇಲ್ಮೈಯ ಅಡ್ಡಕ್ಕೆ ಅಂಗೈಯನ್ನು ಒಳಗಿನಿಂದ ಹೊರಗೆ, ಮತ್ತೆ ಹೊರಗಿನಿಂದ ಒಳಗೆ ಸವರಬೇಕು. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ಒರಟು ಎನಿಸಿದರೆ ಚಕ್ರಗಳ ಟೋ ತಪ್ಪಿದೆ ಎಂದೇ ತಿಳಿಯಬೇಕು. ಇಂತಹ ಸವೆತ ಒಳಅಂಚಿನಲ್ಲಿ ಅಡಗಿರುವುದೂ ಉಂಟು. ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಅದು ಕಾಣುತ್ತದೆ. ಕಾರಿನ ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅದು ರಸ್ತೆಗೆ ಯೋಗ್ಯವಲ್ಲ. ಗೆರೆಗಳ ನಡುವೆ ಇರುವ ಚಿಕ್ಕ ರಬ್ಬರ್ ದಿಬ್ಬಗಳಿಗೆ ಮೇಲ್ಮೈ ಸಮನಾದಾಗ ಆ ಮಿತಿ ಮುಟ್ಟಿದೆ ಎಂದರ್ಥ. ಶಾಲೆಗಳು ಆರಂಭವಾಗುವುದೂ ಮಳೆ ಹಿಡಿಯುವುದೂ ಜೂನ್ ತಿಂಗಳಲ್ಲೇ ಆದುದರಿಂದ ಈ ತಪಾಸಣೆಯನ್ನು ಮೇ ಕೊನೆಯೊಳಗೆ ಮಾಡಿಸಿ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಮಾಡಿಸುವುದು ಒಳಿತು.