‘ಎ’ ಅಕ್ಷರದ ಎರಡು ಅರ್ಥ

ಸಿನಿಮಾ ಪೋಸ್ಟರಿನ ಮೂಲೆಯಲ್ಲಿ ‘ಎ’ ಎಂಬ ಅಕ್ಷರ ಕಂಡರೆ ನಾವು ಮಕ್ಕಳ ಕೈಹಿಡಿದು ಬಿರಬಿರನೆ ಮುಂದೆ ಸಾಗುತ್ತೇವೆ. ಅದೇ ನಾವು ಬೇಲೂರು, ಹಳೇಬೀಡಿನ ಶಿಲ್ಪಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸುತ್ತೇವೆ. ಮಾದಿಹಳ್ಳಿ ಸುತ್ತಿನ ಜನರಿಗಂತೂ ಈ ಕಲ್ಲಿನ ಹೆಂಗಸರು ನೆರೆಹೊರೆಯವರಿದ್ದಂತೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ದರ್ಪಣಸುಂದರಿ ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ. ಆದರೆ ಅಲ್ಲಿ ಹೆಸರು ಕೆತ್ತಿಕೊಂಡ ದಾಸೋಜ, ಚಾವಣರು ಗಂಡಸರು. ಆಕೆ ಏನು ಕಂಡಳೆಂಬುದನ್ನು ಆಕೆಯ ಬಾಯಿಂದ ನಾವು ಕೇಳಿಲ್ಲ.

ಸಿನಿಮಾದ ಚರಿತ್ರೆಯೂ ಬಹುಕಾಲ ಹೀಗೆಯೇ ಸಾಗಿತು. ಫಾತಿಮಾ ಬೇಗಂ 1926ರಲ್ಲೇ ‘ಬುಲ್‌ಬುಲ್-ಎ-ಪರಿಸ್ತಾನ್’ ನಿರ್ದೇಶಿಸಿದ್ದರೂ ಆ ದಾರಿಯಲ್ಲಿ ನಡೆದ ಹೆಂಗಸರು ವಿರಳ. 1952ರ ಕಾಯ್ದೆ ವಯಸ್ಕರ ಚಿತ್ರಗಳಿಗೆ ‘ಎ’ ಪ್ರಮಾಣಪತ್ರ ಗೊತ್ತುಮಾಡಿತು. ಖ್ವಾಜಾ ಅಹ್ಮದ್ ಅಬ್ಬಾಸರ ಮೊಕದ್ದಮೆಯಲ್ಲಿ 1970ರಲ್ಲಿ ತೀರ್ಪಿತ್ತ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಸೆನ್ಸಾರನ್ನು ಎತ್ತಿಹಿಡಿದರು. ಜೊತೆಗೆ ಕಾಮವೆಲ್ಲ ಅಶ್ಲೀಲವಲ್ಲ ಎಂಬುದನ್ನೂ ಸ್ಪಷ್ಟಪಡಿಸಿದರು. ಆದರೂ ಬೀದಿಯಲ್ಲಿ ‘ಎ’ ಎಂದರೆ ಹೆಣ್ಣಿನ ಮೈ ಎಂಬ ಅರ್ಥವೇ ಉಳಿಯಿತು.

ಆ ಅರ್ಥವನ್ನು ಬದಲಿಸಲು ಹೊರಟವರು ನಿರ್ದೇಶಕಿಯರು. 1980ರ ದಶಕದಲ್ಲಿ ಅಪರ್ಣಾ ಸೇನ್ ‘ಪರೋಮಾ’ದಲ್ಲಿ, ಮನೆಗೆಲಸದಲ್ಲಿ ಕಳೆದುಹೋದ ಗೃಹಿಣಿಯೊಬ್ಬಳು ಪ್ರೇಮದಿಂದ ತನ್ನನ್ನು ತಾನು ಮತ್ತೆ ಕಂಡುಕೊಳ್ಳುವುದನ್ನು ತೋರಿಸಿದರು. ಉರ್ದು ಓದುವವರಿಗೆ ಇಸ್ಮತ್ ಚುಗ್ತಾಯಿಯವರ ‘ಲಿಹಾಫ್’ ಕಥೆ ಗೊತ್ತು. ಅದಕ್ಕಾಗಿ ಅವರು ಲಾಹೋರಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅದೇ ಕಥೆಯ ನೆರಳಿದ್ದ ದೀಪಾ ಮೆಹ್ತಾರ ‘ಫೈರ್’ (1996) ಚಿತ್ರದಲ್ಲಿ ಒಬ್ಬ ಸೊಸೆ ಇನ್ನೊಬ್ಬ ಸೊಸೆಯ ಪಾದ ಒತ್ತುತ್ತಾಳೆ. ಗಂಡಂದಿರು ಪಕ್ಕದಲ್ಲೇ ಕುಳಿತಿದ್ದಾರೆ. ಬಟ್ಟೆ ಕಳಚದ ಈ ದೃಶ್ಯದಲ್ಲಿ ಇರುವ ಆರ್ದ್ರತೆ ಎಷ್ಟು ‘ಬೆಳಗಿನ ಆಟ’ಗಳಲ್ಲಿ ಸಿಕ್ಕೀತು? 1998ರ ಡಿಸೆಂಬರಿನಲ್ಲಿ ಇದೇ ಚಿತ್ರಕ್ಕಾಗಿ ಮುಂಬಯಿ, ದೆಹಲಿಯ ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು.

ಕನ್ನಡದಲ್ಲಿ ಕವಿತಾ ಲಂಕೇಶ್ ‘ಪ್ರೀತಿ ಪ್ರೇಮ ಪ್ರಣಯ’ದಲ್ಲಿ (2003) ಅನಂತನಾಗ್, ಭಾರತಿಯವರ ಮೂಲಕ ಇಳಿವಯಸ್ಸಿನ ಒಲವನ್ನು ತಂದರು. ಮೊಮ್ಮಕ್ಕಳಿರುವ ಮನೆಯಲ್ಲಿ ಅಜ್ಜಿಗೂ ಒಂದು ಹೃದಯವಿದೆ ಎಂಬುದು ನಮಗೆ ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ.

ಅಲಂಕೃತಾ ಶ್ರೀವಾಸ್ತವರ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ಕ್ಕೆ 2017ರ ಜನವರಿಯಲ್ಲಿ ಪ್ರಮಾಣಪತ್ರ ನಿರಾಕರಿಸಿದಾಗ, ಚಿತ್ರ ಹೆಂಗಸರ ಕಡೆಗೆ ವಾಲಿದೆ ಎಂಬುದೂ ಸೆನ್ಸಾರ್ ಮಂಡಳಿಯ ಒಂದು ತಕರಾರಾಗಿತ್ತು! ಮೇಲ್ಮನವಿಯ ನಂತರ ‘ಎ’ ಪಡೆದು ಅದೇ ಜುಲೈನಲ್ಲಿ ಚಿತ್ರ ತೆರೆಕಂಡಿತು. ಅದರ ಶಿರೀನ್ ಸೌದಿಯಿಂದ ಮರಳಿದ ಗಂಡನ ಒರಟುತನವನ್ನು ಮೌನವಾಗಿ ಸಹಿಸುತ್ತಾಳೆ. ಆಕೆಗಿರುವ ಕೊರತೆ ಮೈಯದಲ್ಲ, ಒಂದು ಮೆಲುಮಾತಿನದು.

ಈ ಚಿತ್ರಗಳನ್ನೆಲ್ಲ ನಾವು ಮೆಚ್ಚಬೇಕೆಂದೇನೂ ಇಲ್ಲ. ಆದರೆ ಹಯಾ, ಮಾನ, ಮರ್ಯಾದೆ ಎಂದು ಹೆಣ್ಣನ್ನು ಸುಮ್ಮನಾಗಿಸುವ ನಮ್ಮ ಮನೆಗಳಲ್ಲಿ ಶಿರೀನಳಂಥವರು ಎಷ್ಟು ಮಂದಿ ಎಂದು ಕೇಳಿಕೊಳ್ಳಲೇಬೇಕಾಗಿದೆ. ಪೋಸ್ಟರಿನ ಮೇಲೆ ಕಣ್ಣು ಮುಚ್ಚುವುದು ಸುಲಭ. ಆ ಪ್ರಶ್ನೆಯ ಮೇಲೆ ಕಣ್ಣು ಮುಚ್ಚಿದರೆ ನಷ್ಟವಾಗುವುದು ನಮ್ಮದೇ ಹೆಣ್ಣುಮಕ್ಕಳಿಗೆ.